ಸಾಕಿ ಬಿಟ್ಟುಕೊಡುವವರು

ನಾಯಿಯ ನಿಷ್ಠೆಯನ್ನು ಕುರಿತು ಲೋಕದ ಸಾಹಿತ್ಯದಲ್ಲಿ ಬಂದಿರುವಷ್ಟು ಮಾತು ಬೇರೆ ಯಾವ ಪ್ರಾಣಿಯ ಯಾವ ಗುಣವನ್ನು ಕುರಿತೂ ಬಂದಿಲ್ಲವೆಂದು ತೋರುತ್ತದೆ. ಒಡೆಯನಿಗಾಗಿ ಕಾದು ಕುಳಿತ ನಾಯಿ, ಒಡೆಯನ ಸಮಾಧಿಯನ್ನು ಬಿಟ್ಟು ಕದಲದ ನಾಯಿ, ಇಪ್ಪತ್ತು ವರ್ಷಗಳ ಮೇಲೆ ವೇಷ ಮರೆಸಿಕೊಂಡು ಬಂದವನನ್ನು ತಾನಾಗಿ ಗುರುತಿಸಿ ಕಣ್ಣು ಮುಚ್ಚಿದ ಹೋಮರನ ಆರ್ಗಸ್—ಇವೆಲ್ಲ ನಮಗೆ ಪರಿಚಿತವಾದವು. ಈ ಕಥೆಗಳಲ್ಲೆಲ್ಲ ಒಂದು ನಾಯಿ, ಒಬ್ಬ ಒಡೆಯ, ಒಂದು ಮನೆ. ಆ ನಂಟು ಕಡೆಯುಸಿರಿನವರೆಗೆ. ಆದರೆ ನಮ್ಮ ಪಟ್ಟಣಗಳಲ್ಲಿ ಈಚೆಗೆ ಇನ್ನೊಂದು ಬಗೆಯ ನಂಟು ಬೆಳೆದಿದೆ. ಬೀದಿಯಲ್ಲಿ ಗಾಯಗೊಂಡು ಬಿದ್ದ ನಾಯಿಯನ್ನೋ, ಮನೆಯವರು ಊರು ಬಿಡುವಾಗ ಗೇಟಿನ ಹೊರಗೆ ನಿಲ್ಲಿಸಿ ಹೋದ ನಾಯಿಯನ್ನೋ, ತಾಯಿ ಸತ್ತ ಮರಿಗಳನ್ನೋ ಮನೆಗೆ ತಂದು, ಅನ್ನ ಔಷಧ ಕೊಟ್ಟು, ಮನುಷ್ಯರ ನಡುವೆ ಬಾಳುವುದನ್ನು ಕಲಿಸಿ, ಆಮೇಲೆ ಯೋಗ್ಯವಾದ ಇನ್ನೊಂದು ಮನೆಗೆ ಒಪ್ಪಿಸಿಬಿಡುವವರು ಇದ್ದಾರೆ. ಇವರನ್ನು ಒಡೆಯರೆನ್ನುವಂತಿಲ್ಲ, ಕಾಸು ಕೊಟ್ಟು ಕೈತೊಳೆದುಕೊಂಡ ದಾನಿಗಳೆನ್ನುವಂತೆಯೂ ಇಲ್ಲ. ಹಾಗಾದರೆ ಇವರು ಯಾರು? ಸಾಹಿತ್ಯ ಇವರನ್ನು ಕಂಡಿದೆಯೆ? ಕಂಡಿದ್ದರೆ ಎಷ್ಟು ಕಂಡಿದೆ? ಇದು ಈ ಲೇಖನದ ಪ್ರಶ್ನೆ.

ಇಂಗ್ಲಿಷಿನಲ್ಲಿ ಇವರಿಗೆ ‘ಫಾಸ್ಟರ್’ ಎಂಬ ಹೆಸರಿದೆ. ನಮ್ಮಲ್ಲಿ ಈ ಕೆಲಸ ಮಾಡುವವರೂ ಅದೇ ಮಾತನ್ನು ಬಳಸುತ್ತಾರೆ. ‘ದತ್ತು’ ಎಂಬ ಮಾತು ಇಲ್ಲಿ ಹೊಂದುವುದಿಲ್ಲ, ಏಕೆಂದರೆ ದತ್ತು ಎಂದರೆ ಮನೆಯ ಮಗುವಾಗಿಯೇ ಸೇರಿಸಿಕೊಳ್ಳುವುದು. ಕನ್ನಡದಲ್ಲಿ ‘ಸಾಕುತಾಯಿ’, ‘ಸಾಕುಮಗ’ ಎಂಬ ಮಾತುಗಳಿವೆ. ‘ಸಾಕು’ ಎಂಬ ಕ್ರಿಯಾಪದಕ್ಕೆ ಪೋಷಿಸು ಎಂದು ಅರ್ಥ. ಅದೇ ಉಚ್ಚಾರಣೆಯ ಇನ್ನೊಂದು ‘ಸಾಕು’ ಇಷ್ಟಕ್ಕೆ ನಿಲ್ಲಿಸು ಎನ್ನುತ್ತದೆ. ಭಾಷಾಶಾಸ್ತ್ರಜ್ಞರು ಈ ಎರಡಕ್ಕೂ ಸಂಬಂಧವಿದೆಯೆನ್ನಲಿ, ಇಲ್ಲವೆನ್ನಲಿ, ನಾನು ಹೇಳುತ್ತಿರುವ ಜನರ ಬಾಳಿನಲ್ಲಿ ಅವೆರಡೂ ಕೂಡಿಕೊಂಡೇ ಇವೆ. ಮನಸಾರೆ ಸಾಕಬೇಕು, ಕಾಲ ಬಂದಾಗ ಸಾಕೆನ್ನಬೇಕು.

ಸಾಹಿತ್ಯದ ಮಾತಿಗೆ ಹೋಗುವ ಮೊದಲು ಕೆಲಸದ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಇಲ್ಲವಾದರೆ ನಮ್ಮ ವಿಮರ್ಶೆ ಗಾಳಿಯಲ್ಲಿ ಗುದ್ದಾಡಿದಂತಾದೀತು. ಬೆಂಗಳೂರಿನಲ್ಲಿ ಪ್ರಾಣಿಗಳ ರಕ್ಷಣೆಯ ಕೆಲಸ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಇಂಗ್ಲೆಂಡಿನಿಂದ ಬಂದು ಈ ದೇಶದಲ್ಲೇ ನೆಲೆಸಿದ ಕ್ರಿಸ್ಟಲ್ ರಾಜರ್ಸ್ ಎಂಬಾಕೆ 1980ರಲ್ಲಿ ಜಯಪುರದಲ್ಲಿ ಒಂದು ಪ್ರಾಣಿ ಆಶ್ರಯವನ್ನು ಕಟ್ಟಿ, 1991ರಲ್ಲಿ ಬೆಂಗಳೂರಿನಲ್ಲಿ ‘ಕ್ಯೂಪ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆಮೇಲೆ ಸಣ್ಣ ದೊಡ್ಡ ಸಂಸ್ಥೆಗಳು ಹಲವು ಹುಟ್ಟಿಕೊಂಡಿವೆ. ಆದರೆ ಎಷ್ಟು ಆಶ್ರಯಗಳಿದ್ದರೂ ಮನೆಗಳ ಅಗತ್ಯ ತಪ್ಪುವುದಿಲ್ಲ. ಇದಕ್ಕೆ ಎರಡು ಕಾರಣ. ಮೊದಲನೆಯದು ರೋಗ. ಮರಿಗಳಿಗೆ ರಕ್ತಭೇದಿ ತರುವ ಪಾರ್ವೊ ಎಂಬ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಸಾಮಾನ್ಯ ಸಾಬೂನಿಗೆ ಅದು ಜಗ್ಗುವುದಿಲ್ಲ, ಬ್ಲೀಚಿಂಗ್ ಪುಡಿಯ ನೀರೇ ಬೇಕು. ಮರಿಗೆ ಆರು ವಾರದಿಂದ ಎಂಟು ವಾರದೊಳಗೆ ಮೊದಲ ಲಸಿಕೆ, ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಂದರಂತೆ ಹದಿನಾರನೆಯ ವಾರದವರೆಗೆ ಲಸಿಕೆ ಕೊಡಬೇಕು. ಅಲ್ಲಿಯತನಕ ಹತ್ತಾರು ನಾಯಿಗಳಿರುವ ಆಶ್ರಯ ಅದಕ್ಕೆ ಅಪಾಯದ ಸ್ಥಳ. ಎರಡನೆಯ ಕಾರಣ ಮನಸ್ಸಿನದು. ಮೂರನೆಯ ವಾರದಿಂದ ಹನ್ನೆರಡು ಹದಿನಾಲ್ಕನೆಯ ವಾರದವರೆಗೆ ಮರಿಯ ಬುದ್ಧಿ ಲೋಕವನ್ನು ಅಂಜದೆ ಒಪ್ಪಿಕೊಳ್ಳುತ್ತದೆ. ಕುಕ್ಕರಿನ ಸೀಟಿ, ಪೊರಕೆ, ಮಿಕ್ಸಿಯ ಸದ್ದು, ಊರುಗೋಲು ಹಿಡಿದ ಅಜ್ಜ, ಓಡಾಡುವ ಮಕ್ಕಳು—ಇವನ್ನೆಲ್ಲ ಆಗ ಕಂಡ ಮರಿ ಮುಂದೆ ಹೆದರುವುದಿಲ್ಲ. ಹೆದರದ ನಾಯಿ ಕಚ್ಚುವುದು ಕಡಮೆ. ಈ ಪಾಠ ಕಬ್ಬಿಣದ ಗೂಡಿನಲ್ಲಿ ಆಗುವುದಲ್ಲ, ಮನೆಯ ನಡುಮನೆಯಲ್ಲಿ ಆಗುವುದು.

ನಮ್ಮ ಮನೆಗೆ ಹೀಗೆ ಬಂದು ಹೋದ ನಾಯಿಗಳು ಇದುವರೆಗೆ ಆರು. ರಾತ್ರಿ ಎರಡು ಗಂಟೆಗೆ ಎದ್ದು ಹಾಲಿನ ಪುಡಿ ಕಲಸುವುದು, ಹೇನು ಉಣ್ಣೆ ಆರಿಸುವುದು, ಹಳೆಯ ಸೀರೆ ಹರಿದು ಹಾಸುವುದು, ನೆಲಕ್ಕೆ ದಿನಪತ್ರಿಕೆ ಹರಡುವುದು—ಇದು ನಿತ್ಯದ ಅನುಷ್ಠಾನ. ಈ ಪುರವಣಿಯ ಹಾಳೆಗಳೂ ಆ ಸೇವೆಗೆ ಒದಗಿವೆ. ಲೇಖಕ ಮಿತ್ರರು ಬೇಸರಿಸಬಾರದು, ನನ್ನ ಲೇಖನಗಳಿಗೂ ಅದೇ ಗತಿಯಾಗಿದೆ. ಇದನ್ನು ಹೇಳಿದ್ದು ನನ್ನ ಔದಾರ್ಯವನ್ನು ಮೆರೆಸಲಲ್ಲ. ಈ ಅನುಭವವಿರುವ ಓದುಗನಿಗೆ ನಾಯಿಯ ಕಥೆಗಳು ಬೇರೊಂದು ರೀತಿ ಕಾಣುತ್ತವೆ. ಆ ಕಾಣ್ಕೆಯನ್ನು ಹೇಳುವುದಕ್ಕಾಗಿ ಮಾತ್ರ.

ನಮ್ಮ ಪರಂಪರೆಯಲ್ಲಿ ನಾಯಿಯ ಮಾತೆಂದರೆ ಎಲ್ಲರಿಗೂ ನೆನಪಾಗುವುದು ಧರ್ಮರಾಯನ ನಾಯಿ. ಆದರೆ ವ್ಯಾಸಭಾರತದಲ್ಲಿ ಅದಕ್ಕೆ ಜೊತೆಯಾಗಿ ಇನ್ನೊಂದು ನಾಯಿ ಇದೆಯೆಂಬುದನ್ನು ನಾವು ಮರೆಯುತ್ತೇವೆ. ಆದಿಪರ್ವದ ಪ್ರಾರಂಭದಲ್ಲಿ, ಜನಮೇಜಯನ ಯಾಗ ನಡೆಯುತ್ತಿರುವಾಗ, ದೇವಶುನಿ ಸರಮೆಯ ಮರಿ ಅಲ್ಲಿಗೆ ಬರುತ್ತದೆ. ಅರಸನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಮರಿ ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿಯೂ ನೋಡಿರಲಿಲ್ಲ. ಸರಮೆ ಬಂದು, ಏನೂ ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅವರಲ್ಲಿ ಉತ್ತರವಿಲ್ಲ. ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಎಂದು ಅವಳು ಶಪಿಸುತ್ತಾಳೆ. ಆ ಅಳುಕಿನಿಂದ ಅಷ್ಟು ದೊಡ್ಡ ಅರಸು ಶಾಂತಿ ಮಾಡಿಸಬಲ್ಲ ಪುರೋಹಿತನನ್ನು ಹುಡುಕಿಕೊಂಡು ಹೊರಡುತ್ತಾನೆ. ಅಂತೂ ಹೊಡೆಸಿಕೊಂಡ ಒಂದು ನಾಯಿ ಮಹಾಭಾರತದ ಬಾಗಿಲಲ್ಲಿದೆ. ಕೈಬಿಡಿಸಿಕೊಳ್ಳದ ಒಂದು ನಾಯಿ ಅದರ ಕೊನೆಯಲ್ಲಿದೆ. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಮಹಾಪ್ರಸ್ಥಾನದಲ್ಲಿ ಹಸ್ತಿನಾವತಿಯಿಂದ ಒಂದು ನಾಯಿ ಪಾಂಡವರ ಬೆನ್ನುಹತ್ತುತ್ತದೆ. ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಉಳಿದದ್ದು ಧರ್ಮರಾಯ ಮತ್ತು ಆ ನಾಯಿ. ನಾಯಿಯಿದ್ದವರಿಗೆ ಸ್ವರ್ಗದಲ್ಲಿ ಎಡೆಯಿಲ್ಲ, ಬಿಟ್ಟು ರಥವೇರು ಎಂದು ಇಂದ್ರ ಹೇಳುತ್ತಾನೆ. ನಂಬಿ ಬಂದದ್ದನ್ನು ಬಿಡುವುದು ಬ್ರಹ್ಮಹತ್ಯೆಗೆ ಸಮವೆಂದು ಧರ್ಮರಾಯ ನಿಲ್ಲುತ್ತಾನೆ. ಇಲ್ಲಿಯವರೆಗೆ ಕಥೆ ಅಸಾಧಾರಣವಾದದ್ದು. ಆಮೇಲೆ ಆ ನಾಯಿ ಯಮಧರ್ಮನ ರೂಪ ತಾಳುತ್ತದೆ. ಎಲ್ಲವೂ ಪರೀಕ್ಷೆಯಾಗಿತ್ತೆಂದು ತಿಳಿಯುತ್ತದೆ. ನನಗೆ ಇಲ್ಲಿ ಒಂದು ಅಸಮಾಧಾನ. ನಾಯಿ ದೇವತೆಯಾದ ಕ್ಷಣದಲ್ಲಿ ನಾಯಿಯ ಸಮಸ್ಯೆ ಉಳಿಯುವುದಿಲ್ಲ. ಅದು ನಾಯಿಯಾಗಿಯೇ ಉಳಿದಿದ್ದರೆ, ಹಿಮದಲ್ಲಿ ನಡುಗುತ್ತ, ಪಾದ ಒಡೆದು ರಕ್ತ ಸುರಿಸುತ್ತ ನಿಂತಿದ್ದರೆ, ಇಂದ್ರ ಏನು ಮಾಡುತ್ತಿದ್ದ? ಸ್ವರ್ಗದ ನಿಯಮವನ್ನು ತಿದ್ದುತ್ತಿದ್ದನೆ? ಕವಿ ಆ ಪ್ರಶ್ನೆಯಿಂದ ನಮ್ಮನ್ನು ಪಾರುಮಾಡಿಬಿಟ್ಟಿದ್ದಾನೆ. ಕನ್ನಡಿಗರಿಗಂತೂ ಈ ಪ್ರಸಂಗ ಕಿವಿಗೆ ಬೀಳುವುದೇ ಅಪರೂಪ. ಕುಮಾರವ್ಯಾಸ ಹತ್ತು ಪರ್ವಗಳಿಗೆ, ಗದಾಪರ್ವಕ್ಕೆ, ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರ್ತಿಮಾಡಿದ. ಗಮಕದ ಸಭೆಗಳಲ್ಲಿ ನಾವು ಕೇಳುವುದು ಹೆಚ್ಚಾಗಿ ಮೊದಲಿನವನನ್ನೇ.

ಬಿಡದಿರುವುದೇ ದೊಡ್ಡ ಧರ್ಮವೆಂದು ಧರ್ಮರಾಯನ ಕಥೆ ಹೇಳಿದರೆ, ಬಿಡಲಾರದವನ ಗತಿಯನ್ನು ಭಾಗವತದ ಐದನೆಯ ಸ್ಕಂಧ ಹೇಳುತ್ತದೆ. ಭರತ ಮಹಾರಾಜ ರಾಜ್ಯವನ್ನೂ ಮಕ್ಕಳನ್ನೂ ತೊರೆದು ಕಾಡಿಗೆ ಬಂದವನು. ಸಿಂಹದ ಗರ್ಜನೆಗೆ ಬೆದರಿ ಹೊಳೆಯನ್ನು ನೆಗೆದ ಬಸುರಿ ಜಿಂಕೆಯ ಮರಿ ನೀರಿಗೆ ಬಿದ್ದದ್ದನ್ನು ಕಂಡು, ತಾಯಿಯೂ ಸತ್ತದ್ದನ್ನು ಕಂಡು, ಎತ್ತಿ ತಂದು ಸಾಕಿದ. ಅದು ಕಣ್ಮರೆಯಾದರೆ ತೋಳ ಹಿಡಿಯಿತೋ ಏನೋ ಎಂದು ಹಂಬಲಿಸಿದ, ಅನುಷ್ಠಾನ ತಪ್ಪಿತು, ಅದನ್ನೇ ನೆನೆಯುತ್ತ ಸತ್ತು ಜಿಂಕೆಯಾಗಿ ಹುಟ್ಟಿದ. ಪುರಾಣಿಕರು ಇದನ್ನು ಮೋಹದ ದುಷ್ಪರಿಣಾಮಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಆದರೆ ನೀರಿಗಿಳಿದು ಮರಿಯನ್ನು ಎತ್ತಿದ್ದು ತಪ್ಪೆಂದು ಯಾರೂ ಹೇಳಲಾರರು. ಕರುಣೆ ಮೆಲ್ಲನೆ ಒಡೆತನವಾಗಿ ತಿರುಗಿದ್ದು ಮಾತ್ರ ಅವನ ಸಂಕಟಕ್ಕೆ ಮೂಲ. ಕಣ್ಣಿಗೆ ಬೀಳದ ಮರಿಗಾಗಿ ಅವನು ಪಡುವ ತಳಮಳವನ್ನು ಭಾಗವತಕಾರ ಬಣ್ಣಿಸಿರುವ ರೀತಿಯನ್ನು ನೋಡಿದರೆ, ಎಲ್ಲೋ ಒಂದು ಮರಿಯನ್ನು ಸಾಕಿದವರೇ ಅದನ್ನು ಬರೆದಿರಬೇಕು ಎನಿಸುತ್ತದೆ.

ಬಿಡಲಾರದವರ ಕಥೆ ನಮ್ಮ ಕಾಲದಲ್ಲೂ ಬಂದಿದೆ. ಅಮೆರಿಕದ ಸಿಗ್ರಿಡ್ ನುನೆಜ್ 2018ರಲ್ಲಿ ಪ್ರಕಟಿಸಿದ ‘ದಿ ಫ್ರೆಂಡ್’ ಕಾದಂಬರಿಗೆ ಅದೇ ವರ್ಷ ಅಲ್ಲಿನ ನ್ಯಾಷನಲ್ ಬುಕ್ ಅವಾರ್ಡ್ ದೊರೆಯಿತು. ಆತ್ಮಹತ್ಯೆ ಮಾಡಿಕೊಂಡ ಗೆಳೆಯನ ದೈತ್ಯಾಕಾರದ ಗ್ರೇಟ್ ಡೇನ್ ನಾಯಿ, ನಾಯಿ ಸಾಕಕೂಡದೆಂಬ ಕರಾರಿರುವ ನ್ಯೂಯಾರ್ಕಿನ ಸಣ್ಣ ಮನೆಯಲ್ಲಿ ಒಬ್ಬಂಟಿಯಾಗಿರುವ ಲೇಖಕಿಯ ಪಾಲಿಗೆ ಬರುತ್ತದೆ. ಬೇರೆ ಮನೆ ಸಿಗುವವರೆಗೆ ಎಂಬ ಮಾತು ಬರಬರುತ್ತ ಸವೆದುಹೋಗುತ್ತದೆ. ಮನೆ ಕಳೆದುಕೊಳ್ಳುವ ಭಯವಿದ್ದರೂ ಅವಳು ನಾಯಿಯನ್ನು ಬಿಡಳು. ಬುದ್ಧಿವಂತ ಕೃತಿ, ದುಃಖವನ್ನು ಹದವಾಗಿ ಹಿಡಿದ ಕೃತಿ. ಆದರೂ ಇದು ಕೊನೆಗೆ ಭರತನ ದಾರಿಯೇ. ಆಕೆಯ ಶೋಕಕ್ಕೆ ನಾಯಿ ಬೇಕು. ನಾಯಿಗೆ ಏನು ಬೇಕೆಂಬುದು ಎರಡನೆಯ ಪ್ರಶ್ನೆ.

ಬಿಟ್ಟುಕೊಡುವವರನ್ನು ಕಂಡ ಲೇಖಕರೂ ಇಲ್ಲದಿಲ್ಲ. ವರ್ಜೀನಿಯಾ ವುಲ್ಫ್ 1933ರಲ್ಲಿ ಬರೆದ ‘ಫ್ಲಷ್’ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ಟಳ ನಾಯಿಯ ಜೀವನಚರಿತ್ರೆ. ಆ ನಾಯಿಯನ್ನು ಅವಳಿಗೆ ಕೊಟ್ಟವಳು ಮಿಸ್ ಮಿಟ್‌ಫರ್ಡ್ ಎಂಬ ಲೇಖಕಿ. ಅವಳು ಬಡವಿ, ನಾಯಿಯನ್ನು ಮಾರಿದ್ದರೆ ಒಳ್ಳೆಯ ಹಣ ಬರುತ್ತಿತ್ತು. ಮಾರಲಿಲ್ಲ, ಕಾಯಿಲೆಯಿಂದ ಕೋಣೆಯೊಳಗೇ ಇದ್ದ ಗೆಳತಿಗೆ ಕೊಟ್ಟಳು. ಅವಳು ಮೆಟ್ಟಿಲಿಳಿದು ಹೋಗುವ ಸದ್ದನ್ನು ಕೇಳುತ್ತ ನಾಯಿ ಪಡುವ ಸಂಕಟವನ್ನು ವುಲ್ಫ್ ಅದ್ಭುತವಾಗಿ ಬರೆದಿದ್ದಾಳೆ. ಆದರೆ ಮೆಟ್ಟಿಲಿಳಿಯುತ್ತಿದ್ದವಳಿಗೆ ಏನಾಯಿತು? ಅವಳು ತನ್ನ ಹಳ್ಳಿಗೆ ಮರಳಿ ಬಾಗಿಲು ತೆರೆದಾಗ ಏನು ಕಂಡಳು? ಅದನ್ನು ವುಲ್ಫ್ ಕೇಳುವುದಿಲ್ಲ. ಕಥೆ ಬ್ಯಾರೆಟ್ಟಳ ಕೋಣೆಯೊಳಗೆ ಉಳಿದುಬಿಡುತ್ತದೆ.

ಚೆಕಾಫನ ‘ಕಷ್ಟಾಂಕ’ ಈ ದೃಷ್ಟಿಯಿಂದ ಇನ್ನೂ ಹತ್ತಿರದ ಕೃತಿ. ಅದು 1887ರ ಡಿಸೆಂಬರಿನಲ್ಲಿ ಮೊದಲು ಬಂದದ್ದು ಒಂದು ದಿನಪತ್ರಿಕೆಯಲ್ಲಿ. 1892ರಲ್ಲಿ ತಿದ್ದುಪಡಿಯಾಗಿ ಪುಸ್ತಕವಾಯಿತು. ನರಿಮುಖದ ಕೆಂಚು ನಾಯಿ ಕಷ್ಟಾಂಕ ಕುಡುಕ ಬಡಗಿಯೊಬ್ಬನದು. ಪಟಾಲಮಿನ ವಾದ್ಯದ ಸದ್ದಿಗೆ ಬೆದರಿ ಅದು ಬೀದಿಯಲ್ಲಿ ದಾರಿ ತಪ್ಪುತ್ತದೆ. ಹಿಮ ಸುರಿಯುವ ರಾತ್ರಿಯಲ್ಲಿ ಒಬ್ಬ ಅಪರಿಚಿತ, ಸರ್ಕಸ್ಸಿನ ವಿದೂಷಕ, ಅದನ್ನು ಮನೆಗೆ ಕರೆದೊಯ್ದು ಹೊಟ್ಟೆ ತುಂಬ ಉಣಿಸುತ್ತಾನೆ. ಅಲ್ಲಿ ಒಂದು ಬಾತು, ಒಂದು ಬೆಕ್ಕು, ಒಂದು ಹಂದಿ. ನಾಯಿಗೆ ಅವನು ‘ಅತ್ತೆ’ ಎಂದು ಹೊಸ ಹೆಸರಿಡುತ್ತಾನೆ, ಆಟ ಕಲಿಸುತ್ತಾನೆ. ಬಾತು ಸತ್ತ ರಾತ್ರಿ ಆ ಮನೆಯಲ್ಲಿ ಕವಿಯುವ ಭಯವನ್ನು ಚೆಕಾಫ್ ಬರೆದಿರುವುದು ಓದಿದವರಿಗೆ ಮರೆಯುವಂಥದಲ್ಲ. ಕೊನೆಗೆ ಮೊದಲ ಪ್ರದರ್ಶನದ ದಿನ ಪ್ರೇಕ್ಷಕರ ನಡುವಿನಿಂದ ಬಡಗಿಯ ಮಗ ಹಳೆಯ ಹೆಸರಿನಿಂದ ಕೂಗುತ್ತಾನೆ. ನಾಯಿ ಕಟಕಟೆ ದಾಟಿ, ಜನರ ಕೈಯಿಂದ ಕೈಗೆ ಏರಿ, ಅವರನ್ನು ಸೇರುತ್ತದೆ. ಆ ಹುಡುಗ ಹಿಂದೆ ದಾರ ಕಟ್ಟಿದ ಮಾಂಸವನ್ನು ಅದಕ್ಕೆ ನುಂಗಿಸಿ ಹೊಟ್ಟೆಯಿಂದ ಹೊರಕ್ಕೆ ಎಳೆಯುತ್ತಿದ್ದವನು. ಆದರೂ ನಾಯಿ ಅವರ ಹಿಂದೆ ಸಂತೋಷದಿಂದ ನಡೆಯುತ್ತದೆ. ವಿದೂಷಕನ ಮನೆಯ ದಿನಗಳೆಲ್ಲ ಅದಕ್ಕೆ ಗೊಂದಲದ ಒಂದು ಕನಸಿನಂತೆ ತೋರುತ್ತವೆ.

ಇದು ನಿಷ್ಠೆಯ ಕಥೆಯೆಂದು ಬಾಲಕರ ಪುಸ್ತಕಗಳಲ್ಲಿ ಸೇರಿಸುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ನಿಷ್ಠೆಯೆಂಬುದು ನ್ಯಾಯಾನ್ಯಾಯಗಳ ಲೆಕ್ಕವಿಲ್ಲದ್ದು, ಅದು ನಾಯಿಯ ಗುಣವಾಗಿರುವಷ್ಟೇ ನಾಯಿಯ ದುರ್ದೈವವೂ ಹೌದು ಎಂಬ ಕಹಿಯಾದ ಮಾತನ್ನು ಚೆಕಾಫ್ ಮೆಲುದನಿಯಲ್ಲಿ ಹೇಳಿದ್ದಾನೆ. ನಮ್ಮ ಮನೆಗೆ ಬಂದಿದ್ದ ಒಂದು ನಾಯಿಯ ಕೊರಳಲ್ಲಿ ತಂತಿಯ ಗಾಯವಿತ್ತು. ಆದರೂ ಗೇಟಿನಾಚೆ ಯಾವುದಾದರೂ ಸ್ಕೂಟರ್ ನಿಂತರೆ ಅದು ಕಿವಿ ನಿಮಿರಿಸಿ ಬಾಗಿಲಿಗೆ ಓಡುತ್ತಿತ್ತು. ಆ ತಂತಿ ಕಟ್ಟಿದವನು ಸ್ಕೂಟರಿನವನಾಗಿದ್ದಿರಬೇಕೆಂದು ನನ್ನ ಊಹೆ. ಕಷ್ಟಾಂಕಳನ್ನು ಅರಿಯಲು ಇದಕ್ಕಿಂತ ದೊಡ್ಡ ವ್ಯಾಖ್ಯಾನ ನನಗೆ ಬೇಕಾಗಲಿಲ್ಲ. ಆದರೆ ಚೆಕಾಫನೂ ವುಲ್ಫಳಂತೆ ಸಾಕಿದವನನ್ನು ಬಾಗಿಲಲ್ಲೇ ಬಿಡುತ್ತಾನೆ. ದೀಪಗಳ ನಡುವೆ, ನಗುವ ಜನರ ನಡುವೆ ನಿಂತ ಆ ವಿದೂಷಕ ಆ ರಾತ್ರಿ ಮನೆಗೆ ಹೋಗಿ ಖಾಲಿ ಚಾಪೆಯನ್ನು ಏನು ಮಾಡಿದ?

ಬಿಟ್ಟುಕೊಟ್ಟವರ ಮನೆಯಲ್ಲೇ ನಿಂತು ನೋಡಿದ ಕವಿ, ನಾನು ಬಲ್ಲಮಟ್ಟಿಗೆ, ಕಾಳಿದಾಸನೊಬ್ಬ. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದಂದಿನಿಂದ ನಾಲ್ಕನೆಯ ಅಂಕ ನಮ್ಮವರ ಕಣ್ಣನ್ನು ತೇವಮಾಡಿದೆ. ಕಣ್ವ ಶಕುಂತಲೆಯನ್ನು ಹೆತ್ತವನಲ್ಲ. ಕಾಡಿನಲ್ಲಿ ಸಿಕ್ಕಿದವಳನ್ನು ಸಾಕಿದವನು. ಅದೇ ಅಂಕದಲ್ಲಿ ಶಕುಂತಲೆ ತಾನು ಸಾಕಿದ ಜಿಂಕೆಯ ಮರಿಯನ್ನು ಬಿಟ್ಟು ಹೊರಡುತ್ತಾಳೆ. ದರ್ಭೆಯ ಮೊನೆ ಚುಚ್ಚಿ ಬಾಯಿ ಹುಣ್ಣಾದಾಗ ಅವಳೇ ಎಣ್ಣೆ ಸವರಿದ್ದ ಮರಿ ಅದು. ಅದು ಅವಳ ಸೆರಗು ಹಿಡಿಯುತ್ತದೆ. ಸಾಕಿದವನು ಸಾಕುಮಗಳನ್ನು ಕಳುಹುತ್ತಿದ್ದಾನೆ, ಸಾಕುಮಗಳು ಸಾಕಿದ ಮರಿಯನ್ನು ತೊರೆಯುತ್ತಿದ್ದಾಳೆ. ತಾಯಿಯಿಲ್ಲದ ಮರಿಯನ್ನು ಇನ್ನು ಕಣ್ವ ನೋಡಿಕೊಳ್ಳಬೇಕು. ಹೀಗೆ ಒಂದರೊಳಗೊಂದು ಸೇರಿದ ಮೂರು ಸಾಕಣೆಗಳನ್ನು ಕಾಳಿದಾಸ ಒಂದೇ ದೃಶ್ಯದಲ್ಲಿ ಹೆಣೆದಿದ್ದಾನೆ. ಶಕುಂತಲೆ ಕಣ್ಮರೆಯಾದ ಮೇಲೂ ತೆರೆ ಬೀಳುವುದಿಲ್ಲ. ಕಣ್ವ ಆಶ್ರಮಕ್ಕೆ ಹಿಂತಿರುಗುತ್ತಾನೆ. ಇಟ್ಟುಕೊಂಡಿದ್ದ ಒತ್ತೆಯನ್ನು ಒಪ್ಪಿಸಿದವನಂತೆ ತನ್ನ ಮನಸ್ಸು ತಿಳಿಯಾಯಿತೆನ್ನುತ್ತಾನೆ. ಈ ಮಾತಿನಲ್ಲಿ ದುಃಖವೂ ಇದೆ, ಹಗುರವೂ ಇದೆ. ನಾಯಿಯೊಂದನ್ನು ಹೊಸ ಮನೆಗೆ ಬಿಟ್ಟು ಬಸ್ಸಿನಲ್ಲಿ ಮರಳುವವರಿಗೆ ಆಗುವುದು ಇದೇ. ಇದಕ್ಕಿಂತ ಹೆಚ್ಚೂ ಅಲ್ಲ, ಕಡಮೆಯೂ ಅಲ್ಲ.

ಕಾಳಿದಾಸ ಇನ್ನೂ ಮುಂದೆ ಹೋಗುತ್ತಾನೆ. ಒಪ್ಪಿಸಿದ ಒತ್ತೆಯನ್ನು ಪಡೆಯಬೇಕಾದವನೇ ತನ್ನದಲ್ಲವೆನ್ನುತ್ತಾನೆ. ಐದನೆಯ ಅಂಕದಲ್ಲಿ ದುಷ್ಯಂತನ ಸಭೆಯಲ್ಲಿ ನಿಂತ ಶಕುಂತಲೆಯನ್ನು ಕಣ್ವನ ಶಿಷ್ಯರು ಅಲ್ಲೇ ಬಿಟ್ಟು ಹೊರಡುತ್ತಾರೆ, ಹಿಂಬಾಲಿಸಿದವಳನ್ನು ಗದರಿಸುತ್ತಾರೆ. ಅವರು ಧರ್ಮಶಾಸ್ತ್ರವನ್ನು ಆಡಿದರು, ನಿಜ. ಆದರೆ ಬಿಟ್ಟುಕೊಡುವ ವಿದ್ಯೆಯ ಅರ್ಧವನ್ನು ಅವರು ಕಲಿತಿರಲಿಲ್ಲ. ಒಪ್ಪಿಸಿದ ಜೀವ ತಿರಸ್ಕೃತವಾದರೆ ಮರಳಿ ಬರುವುದಕ್ಕೆ ಬಾಗಿಲು ತೆರೆದಿರಬೇಕು. ಪ್ರಾಣಿಸಂಸ್ಥೆಗಳ ಕರಾರುಪತ್ರಗಳಲ್ಲಿ, ನಿಮ್ಮಿಂದ ಆಗದಿದ್ದರೆ ನಾಯಿಯನ್ನು ಬೀದಿಗೆ ಬಿಡದೆ ನಮಗೇ ಮರಳಿಸಿ ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಶಾರ್ಙ್ಗರವನಿಗಿಂತ ಆ ಕರಾರುಪತ್ರ ಹೆಚ್ಚು ದಯೆಯುಳ್ಳದ್ದು.

ಇನ್ನು ನಮ್ಮ ಕನ್ನಡ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಅದರ ಹುಲಿಯ ಕನ್ನಡ ಕಾದಂಬರಿಗಳ ನಾಯಿಗಳಲ್ಲಿ ಅಗ್ರಗಣ್ಯ. ಗುತ್ತಿಗೆ ‘ನಾಯಿಗುತ್ತಿ’ ಎಂದೇ ಹೆಸರು. ಇಲ್ಲಿ ಮನುಷ್ಯ ನಾಯಿಗೆ ಹೆಸರಿಟ್ಟದ್ದು ಹಾಗಿರಲಿ, ನಾಯಿಯಿಂದ ಮನುಷ್ಯನಿಗೆ ಹೆಸರು ಬಂದಿದೆ. ತುಂಗೆಯ ಪ್ರವಾಹದಲ್ಲಿ ಹುಲಿಯ ಕಳೆದುಹೋದಾಗ ಗುತ್ತಿಯ ಅರ್ಧ ಬಾಳೇ ಕೊಚ್ಚಿಹೋಯಿತೆಂದು ನಮಗನಿಸುತ್ತದೆ. ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಪ್ರಕಟವಾಯಿತು. ಅದರ ಕಿವಿಯ ಬಗೆಯೇ ಬೇರೆ. ಅದು ಕಾಡು ಸುತ್ತುವಾಗ ಜೊತೆಗಿರುವ, ತನ್ನದೇ ಬುದ್ಧಿಯಿರುವ ಸಹೋದ್ಯೋಗಿ. ಲೇಖಕರು ಅದಕ್ಕಾಗಿ ಕಣ್ಣೀರು ಬೇಡುವುದಿಲ್ಲ. ಇಬ್ಬರೂ ಅಪ್ಪಟ ನಾಯಿಗಳನ್ನೇ ಬರೆದರು, ದೇವತೆಗಳನ್ನಲ್ಲ. ಆದರೆ ಇಬ್ಬರ ನಾಯಿಗಳೂ ಸ್ವಂತದವು. ಮಲೆನಾಡಿನಲ್ಲಿ ನಾಯಿ ಮನೆಗೆ ಸೇರಿದ್ದು, ಇಲ್ಲವೆ ಊರಿಗೆ ಸೇರಿದ್ದು. ಎರಡು ಮನೆಗಳ ನಡುವೆ ನಿಂತ ನಾಯಿ ಪಟ್ಟಣದ ಸೃಷ್ಟಿ. ಬಾಡಿಗೆ ಮನೆ, ವರ್ಗಾವಣೆ, ಮೂರನೆಯ ಮಹಡಿ, ಮಾಲೀಕರ ಆಕ್ಷೇಪಣೆ—ಇವೇ ಅದರ ತಂದೆತಾಯಿ.

ಪಟ್ಟಣದ ನಾಯಿಯ ಕಥೆ ಹೇಳಿದ್ದು ಸಿನಿಮಾ. ಕಿರಣರಾಜ್ ನಿರ್ದೇಶಿಸಿದ ‘777 ಚಾರ್ಲಿ’ 2022ರಲ್ಲಿ ತೆರೆಕಂಡು ಮನೆಮಾತಾಯಿತು. ನಾಯಕನ ಹೆಸರು ಧರ್ಮ. ನಾಯಿಯೊಡನೆ ಅವನು ಹಿಮದ ನಾಡಿಗೆ ಪಯಣಿಸುತ್ತಾನೆ. ಮಹಾಪ್ರಸ್ಥಾನದ ನೆರಳನ್ನು ಕಾಣಲು ಪಂಡಿತರೇ ಆಗಬೇಕಿಲ್ಲ. ಕ್ರೂರಿಯಾದ ತಳಿಗಾರನಿಂದ ತಪ್ಪಿಸಿಕೊಂಡು ಬಂದ ಲ್ಯಾಬ್ರಡಾರ್ ಅದು. ಹಣಕ್ಕಾಗಿ ಹತ್ತಿರದ ಸಂಬಂಧದಲ್ಲೇ ಮರಿ ಹಾಕಿಸುವವರ ಪಾಪವನ್ನು ಅದು ಮೈಯಲ್ಲಿ ರೋಗವಾಗಿ ಹೊತ್ತಿದೆ. ಈ ಅಂಶವನ್ನು ಸಾವಿರಾರು ಜನರ ಮನಸ್ಸಿಗೆ ಮುಟ್ಟಿಸಿದ್ದು ಚಿತ್ರದ ದೊಡ್ಡ ಗುಣ. ಇಲ್ಲಿ ನಾಯಿ ದೇವತೆಯಾಗದೆ ನಾಯಿಯಾಗಿಯೇ ಸಾಯುತ್ತದೆ ಎಂಬುದರಲ್ಲಿ ವ್ಯಾಸರಿಗಿಂತ ಒಂದು ಹೆಜ್ಜೆ ಮುಂದೆಯೂ ಹೋಗಿದೆ. ಆದರೂ ನನ್ನ ತಕರಾರು ಉಳಿಯುತ್ತದೆ. ಒಬ್ಬಂಟಿಯಾದ ಒರಟು ಮನುಷ್ಯನನ್ನು ನಾಯಿ ಮನುಷ್ಯನನ್ನಾಗಿ ಮಾಡಿತು ಎಂಬುದು ಕಥೆಯ ತಿರುಳು. ನಾಯಿ ನಮ್ಮ ಉದ್ಧಾರಕ್ಕಾಗಿ ಬರುತ್ತದೆಯೆಂಬ ನಿರೀಕ್ಷೆ ಇದರಿಂದ ಹುಟ್ಟುತ್ತದೆ.

ಈ ನಿರೀಕ್ಷೆಯ ಫಲವನ್ನು ನಾನು ಕಂಡಿದ್ದೇನೆ. ನಮ್ಮಲ್ಲಿದ್ದ ಎರಡು ವರ್ಷದ ಹೆಣ್ಣು ನಾಯಿಯನ್ನು ಒಂದು ಸಂಭಾವಿತ ಕುಟುಂಬ ಬಹಳ ಆಸೆಯಿಂದ ಕೊಂಡೊಯ್ದಿತು. ಹನ್ನೊಂದನೆಯ ದಿನ ಮನೆಯ ಯಜಮಾನರು ಅದನ್ನು ಮರಳಿ ತಂದರು. “ಏನು ಮಾಡೋದು ಸಾರ್, ಇದಕ್ಕೆ ನಮ್ಮ ಮೇಲೆ ಪ್ರೀತಿಯೇ ಇಲ್ಲ, ಮಂಚದ ಕೆಳಗಿಂದ ಈಚೆಗೇ ಬರೋಲ್ಲ” ಎಂದರು. ಅವರು ಕೆಟ್ಟವರಲ್ಲ. ಈ ಕೆಲಸದವರಲ್ಲಿ ಒಂದು ಲೆಕ್ಕವುಂಟು: ಹೊಸ ಮನೆಯಲ್ಲಿ ನಾಯಿಯ ಹೆದರಿಕೆ ಇಳಿಯಲು ಮೂರು ದಿನ, ಮನೆಯ ಕ್ರಮ ತಿಳಿಯಲು ಮೂರು ವಾರ, ಇದು ನನ್ನ ಮನೆಯೆಂದುಕೊಳ್ಳಲು ಮೂರು ತಿಂಗಳು. ಅವರು ಹನ್ನೊಂದು ದಿನಕ್ಕೇ ಪ್ರೀತಿಯನ್ನು ಕೇಳಿದರು. ಕಥೆಗಳಲ್ಲಿ ಅದು ಒಂದೇ ಪುಟದಲ್ಲಿ ಬರುತ್ತದಲ್ಲವೆ? ಭಾವಾತಿರೇಕದ ಬರವಣಿಗೆಯಿಂದ ಯಾರಿಗೂ ಕೇಡಿಲ್ಲವೆನ್ನುವವರು ಆ ಮಂಚದ ಕೆಳಗೆ ಒಮ್ಮೆ ಇಣುಕಿ ನೋಡಬೇಕು. ಆ ನಾಯಿಗೆ ಆಮೇಲೆ ಬೇರೆ ಮನೆ ದೊರೆಯಿತು. ಆದರೆ ನಂಬುವುದನ್ನು ಅದು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ನಾಯಿಗೆ ಮನೆ ಬೇಕೆಂದು ಬರುವ ಪ್ರಕಟಣೆಗಳನ್ನೂ ನಾನು ಸಾಹಿತ್ಯದ ಒಂದು ಪ್ರಕಾರವೆಂದೇ ಓದುತ್ತೇನೆ. ಬಹುಪಾಲು ಪ್ರಕಟಣೆಗಳಲ್ಲಿ ಮಾತನಾಡುವುದು ನಾಯಿಯೇ: ನಾನೊಂದು ಅನಾಥ ಮರಿ, ನನಗೆ ಅಮ್ಮ ಅಪ್ಪ ಬೇಕು, ನಿಮ್ಮ ಬಾಳನ್ನು ಬೆಳಗುತ್ತೇನೆ ಎಂದು ಮುಂತಾಗಿ. ನಾಯಿಯ ಬಾಯಲ್ಲಿ ಮನುಷ್ಯನ ಮಾತು ಪಂಚತಂತ್ರಕ್ಕೆ ಒಪ್ಪುತ್ತದೆ; ಅಲ್ಲಿ ನೀತಿ ಹೇಳಬೇಕು. ಇಲ್ಲಿ ಹೇಳಬೇಕಾದದ್ದು ಸಂಗತಿ. ‘ಹೆಣ್ಣು, ಎರಡು ವರ್ಷ, ಸಂತಾನಹರಣ ಚಿಕಿತ್ಸೆಯಾಗಿದೆ, ರೇಬೀಸ್ ಲಸಿಕೆಯಾಗಿದೆ, ಎಡಗಾಲು ತುಸು ಕುಂಟು, ಪಟಾಕಿಗೆ ಹೆದರುತ್ತದೆ, ತಟ್ಟೆಯ ಹತ್ತಿರ ಕೈಯಿಟ್ಟರೆ ಗುರುಗುಟ್ಟುತ್ತದೆ, ಸಣ್ಣ ಮಕ್ಕಳಿಲ್ಲದ ಮನೆ ಉತ್ತಮ’—ಇಂಥ ನಾಲ್ಕು ಸಾಲಿನಲ್ಲಿ ಒಂದು ಪಾತ್ರವೇ ಇದೆ. ಔಚಿತ್ಯವನ್ನು ಬಲ್ಲ ಬರಹ ಇದು. ಗುಣದೋಷಗಳೆರಡನ್ನೂ ಬಲ್ಲವರು, ಅಂದರೆ ಜೊತೆಯಲ್ಲಿ ಬಾಳಿದವರು ಮಾತ್ರ ಹೀಗೆ ಬರೆಯಬಲ್ಲರು.

ಇದೆಲ್ಲ ಸಿರಿವಂತರ ಹವ್ಯಾಸವೆಂದು ಕೆಲವರು ಹೇಳಿಯಾರು. ಬೀದಿನಾಯಿ ಕಚ್ಚಿದ ಮಗುವಿನ ತಾಯಿ ಹಾಗೆ ಕೇಳಿದರೆ ಆಕೆಗೆ ಉತ್ತರ ಕೊಡಲೇಬೇಕು. ರೇಬೀಸಿನ ಲಕ್ಷಣ ಒಮ್ಮೆ ಕಾಣಿಸಿಕೊಂಡ ಮೇಲೆ ಬದುಕಿಕೊಂಡವರು ಇಲ್ಲವೆನ್ನುವಷ್ಟು ವಿರಳ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿಡಬೇಕೆಂದು ಆಜ್ಞಾಪಿಸಿತು. ಅದೇ ತಿಂಗಳ 22ರಂದು ಮೂವರ ಪೀಠ ಅದನ್ನು ಮಾರ್ಪಡಿಸಿ, ರೇಬೀಸ್ ತಗಲಿದವನ್ನೂ ಆಕ್ರಮಣ ಸ್ವಭಾವದವನ್ನೂ ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆಗಳ ನಂತರ ಹಿಡಿದ ಜಾಗಕ್ಕೇ ಬಿಡಬೇಕೆಂದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ವಿಷಯದಲ್ಲಿ ಮತ್ತೊಂದು ಆಜ್ಞೆ ಬಂತು. ಆಗ ನಡೆದ ವಾದವಿವಾದಗಳಲ್ಲಿ ಒಂದು ಕಡೆಯವರಿಗೆ ನಾಯಿ ಪಿಶಾಚಿ, ಇನ್ನೊಂದು ಕಡೆಯವರಿಗೆ ದೇವತೆ. ಎರಡೂ ಅಲ್ಲದ, ಹಸಿಯುವ, ಹೆದರುವ, ಕಲಿಯಬಲ್ಲ ಒಂದು ಪ್ರಾಣಿಯ ಮಾತು ಕೇಳಿಬಂದದ್ದು ಕಡಮೆ. ಆ ಪ್ರಾಣಿಯನ್ನು ನಿತ್ಯವೂ ಹತ್ತಿರದಿಂದ ಕಾಣುವವರು ಅದನ್ನು ಮನೆಯಲ್ಲಿಟ್ಟು ಪಳಗಿಸುವವರು. ಪ್ರತಿಯೊಂದು ನಾಯಿಯನ್ನೂ ಅವರು ಮನೆಗೆ ತರಲಾರರು. ಅದರಿಂದ ಬೀದಿಯ ಸಮಸ್ಯೆ ಪರಿಹಾರವಾಗುವುದೆಂದು ಅವರಾರೂ ಹೇಳುವುದೂ ಇಲ್ಲ. ಆದರೆ ಪಿಶಾಚಿಯೂ ದೇವತೆಯೂ ಅಲ್ಲದ ನಾಯಿಯನ್ನು ಕುರಿತು ಸಾಕ್ಷಿ ಹೇಳಲು ಅವರಿಗಿಂತ ಅರ್ಹರು ಬೇರೆ ಇಲ್ಲ. ಸಾಹಿತ್ಯ ಅವರನ್ನು ಬಾಗಿಲಲ್ಲಿ ಬಿಟ್ಟು ಮುಂದೆ ಹೋಗುವುದರಿಂದ ಆಗುವ ನಷ್ಟ ಇದು.

ಪ್ರಾಣಿಗಳ ಭಾವವನ್ನು ರಸಾಭಾಸದ ಪಟ್ಟಿಗೆ ಸೇರಿಸಿದ ಆಲಂಕಾರಿಕರು ನಮ್ಮಲ್ಲಿದ್ದರು. ನಾನು ಕೇಳುತ್ತಿರುವುದು ನಾಯಿಯ ಭಾವವನ್ನು ಕುರಿತ ಬರಹವಲ್ಲ. ಅದನ್ನು ಬಲ್ಲೆನೆಂದು ಹೇಳಿಕೊಳ್ಳುವಷ್ಟು ಧೈರ್ಯ ನನಗಿಲ್ಲ. ಪ್ರೀತಿಸಿಯೂ ತನ್ನದೆನ್ನದ ಮನುಷ್ಯರ ಭಾವವನ್ನು ಕುರಿತ ಒಂದು ಕನ್ನಡ ಕಥೆ ನನಗೆ ಬೇಕು. ಅದರಲ್ಲಿ ಗಾಯದ ನಾಯಿ ಬರಲಿ, ಗುಣವಾಗಲಿ, ಹೋಗಲಿ. ಹೋದ ಸಂಜೆ ತಟ್ಟೆಯನ್ನು ತೊಳೆದು ಬೋರಲು ಹಾಕುವುದು, ಬಾಗಿಲಿನ ಗೀರುಗಳಿಗೆ ಬಣ್ಣ ಬಳಿಯಲೋ ಬೇಡವೋ ಎಂದು ಗಂಡಹೆಂಡಿರು ಮಾತಾಡುವುದು, ಹೊಸ ಮನೆಯವರು ಫೋನು ಮಾಡಿ ಅದು ಊಟ ಮಾಡಿತೆಂದು ಹೇಳುವುದು, ಮರುವಾರ ಇನ್ನೊಂದು ನಾಯಿ ಬರುವುದು—ಇಷ್ಟಿದ್ದರೆ ಸಾಕು. ನಾಯಿ ಯಾರಿಗೂ ಪ್ರಾಣ ಕೊಡಬೇಕಾಗಿಲ್ಲ. ಯಾರ ಪ್ರಾಣವನ್ನೂ ಉಳಿಸಬೇಕಾಗಿಲ್ಲ. ಕಣ್ವ ಆಶ್ರಮಕ್ಕೆ ಹಿಂತಿರುಗುವ ಆ ನಾಲ್ಕು ಹೆಜ್ಜೆಗಳನ್ನು ನಮ್ಮ ಬೀದಿಯಲ್ಲಿ, ನಮ್ಮ ಭಾಷೆಯಲ್ಲಿ ಬರೆಯಬಲ್ಲವರು ಇದ್ದೇ ಇರುತ್ತಾರೆ. ಅವರು ಬರೆದು ಕಳುಹಿಸಿದರೆ ಅದನ್ನು ಈ ಪುರವಣಿಯಲ್ಲೇ ಓದಲು ಕಾದಿದ್ದೇನೆ. ಆ ಹಾಳೆಯನ್ನು ಮಾತ್ರ ನೆಲಕ್ಕೆ ಹಾಸುವುದಿಲ್ಲ.